ಸಿಪಿಎ ಪರೀಕ್ಷೆ ಪಾಸಾಯ್ತು, ಲೈಸೆನ್ಸ್ ಇನ್ನೂ ಬರಬೇಕು

ಹೋದ ತಿಂಗಳು ರಾತ್ರಿ ಹತ್ತೂವರೆಗೆ ಚಿಕ್ಕಪ್ಪನ ಮಗಳ ಫೋನ್ ಬಂತು. ಅವಳಿರುವುದು ಬೆಂಗಳೂರಿನಲ್ಲಿ, ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಆಗಲೇ ಮಾರನೆಯ ದಿನದ ಹಗಲು.

"ಅಕ್ಕಾ, ನಾಲ್ಕೂ ಪೇಪರ್ ಮುಗೀತು! ಕೊನೇದರಲ್ಲಿ 81 ಬಂದಿದೆ!"

ನನಗೆ ಕಣ್ಣು ತುಂಬಿ ಬಂತು. ಕೆಲಸ ಮಾಡಿಕೊಂಡು ಸಿಪಿಎ, ಅಂದರೆ ಅಮೆರಿಕದ ಸರ್ಟಿಫೈಡ್ ಪಬ್ಲಿಕ್ ಅಕೌಂಟೆಂಟ್ ಪರೀಕ್ಷೆಗೆ ಎರಡು ವರ್ಷ ಅವಳು ಹೇಗೆ ಓದಿದ್ದಾಳೆ ಅಂತ ನನಗೆ ಗೊತ್ತು. ಆಮೇಲೆ ಅವಳೇ ಹೇಳಿದಳು, "ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಪಕ್ಕ ಸಿಪಿಎ ಅಂತ ಹಾಕಿದ್ದೀನಿ, ನೋಡು."

"ಮೊದಲು ಅದನ್ನ ತೆಗಿ ಪುಟ್ಟಿ. ಆಮೇಲೆ ಮಾತಾಡೋಣ" ಎಂದೆ.

ಅವಳಿಗೆ ಬೇಜಾರಾಯಿತು. ಆದರೆ ಇದನ್ನು ಮೊದಲ ದಿನವೇ ಹೇಳಬೇಕು. ಅಮೆರಿಕದಲ್ಲಿ ಪರೀಕ್ಷೆ ಪಾಸಾದವರೆಲ್ಲ ಸಿಪಿಎ ಅಲ್ಲ, ಲೈಸೆನ್ಸ್ ಸಿಕ್ಕವರು ಮಾತ್ರ ಸಿಪಿಎ. ಅದಕ್ಕೆ ಪರೀಕ್ಷೆಯ ಜೊತೆಗೆ ಇಷ್ಟು ಓದು, ಇಷ್ಟು ಕೆಲಸದ ಅನುಭವ ಎಂದೂ ತೋರಿಸಬೇಕು. ಲೈಸೆನ್ಸ್ ಇಲ್ಲದೆ ಆ ಮೂರು ಅಕ್ಷರ ಬಳಸುವುದು ರಾಜ್ಯದ ಕಾನೂನಿಗೆ ವಿರುದ್ಧ. ವಿಸಿಟಿಂಗ್ ಕಾರ್ಡ್, ಇಮೇಲ್‌ ಕೊನೆಯ ಸಹಿ, ಲಿಂಕ್ಡ್‌ಇನ್, ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಇದನ್ನು ನೋಡಿಕೊಳ್ಳುವುದು ಲೈಸೆನ್ಸ್ ಕೊಡುವ ರಾಜ್ಯದ ಅಕೌಂಟೆನ್ಸಿ ಬೋರ್ಡ್. ನಾಳೆ ನೀವು ಅರ್ಜಿ ಹಾಕುವುದು ಅದೇ ಬೋರ್ಡ್‌ಗೆ. "ಸಿಪಿಎ ಪರೀಕ್ಷೆಯ ನಾಲ್ಕೂ ಭಾಗ ಪಾಸಾಗಿದ್ದೇನೆ" ಎಂದು ಪೂರ್ತಿ ವಾಕ್ಯ ಬರೆಯಿರಿ. ಅದು ನಿಜ, ಮತ್ತು ಹೆಮ್ಮೆಯ ವಿಷಯವೇ.

ಅವತ್ತು ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಪರೀಕ್ಷೆ ಮುಗಿಸಿದ್ದು 2016ರಲ್ಲಿ. ಲೈಸೆನ್ಸ್ ಸಿಕ್ಕಿದ್ದು 2018ರ ಜುಲೈನಲ್ಲಿ. ನಡುವಿನ ಕಾಲದಲ್ಲಿ ನಾಲ್ಕು ತಿಂಗಳು ಒಂದೇ ಒಂದು ವಿಷಯ ನೋಡದೆ ಇದ್ದದ್ದಕ್ಕೆ ಹೋಯಿತು. ಆಮೇಲಿಂದ ನನ್ನ ಕೈಕೆಳಗೆ ಕೆಲಸ ಮಾಡಿದ ಆರು ಜನರ ಅನುಭವದ ಫಾರ್ಮ್‌ಗೆ ನಾನೇ ಸಹಿ ಹಾಕಿದ್ದೇನೆ. ಹಾಗಾಗಿ ಈ ಕೆಲಸವನ್ನು ಎರಡೂ ಕಡೆಯಿಂದ ನೋಡಿದ್ದೇನೆ.

ಮೊದಲು ನಿಮ್ಮ ಬೋರ್ಡ್ ಯಾವುದು ನೋಡಿ

ಪರೀಕ್ಷೆ ಇಡೀ ದೇಶಕ್ಕೆ ಒಂದೇ. 2024ರಿಂದ ಆಡಿಟ್, ಫೈನಾನ್ಷಿಯಲ್ ರಿಪೋರ್ಟಿಂಗ್, ಟ್ಯಾಕ್ಸ್ ಎಂಬ ಮೂರು ಕಡ್ಡಾಯ ಪೇಪರ್, ಜೊತೆಗೆ ನೀವು ಆರಿಸಿಕೊಂಡ ಇನ್ನೊಂದು. ಪಾಸಾಗಲು 75 ಬೇಕು. ಆದರೆ ಲೈಸೆನ್ಸ್ ಕೊಡುವುದು ದೇಶ ಅಲ್ಲ, ರಾಜ್ಯ. ಮೊದಲ ಸಿಪಿಎ ಕಾನೂನು ಬಂದಿದ್ದು 1896ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ಆಗಿನಿಂದ ಇದು ರಾಜ್ಯಗಳ ಕೈಯಲ್ಲೇ ಉಳಿದಿದೆ. 50 ರಾಜ್ಯಗಳು, ವಾಷಿಂಗ್ಟನ್ ಡಿಸಿ, ಪೋರ್ಟೊ ರಿಕೊ, ಗುವಾಮ್, ವರ್ಜಿನ್ ಐಲ್ಯಾಂಡ್ಸ್, ನಾರ್ದರ್ನ್ ಮರಿಯಾನಾ ಸೇರಿ ಒಟ್ಟು 55 ಬೋರ್ಡ್‌ಗಳಿವೆ. 55 ಬೋರ್ಡ್, 55 ನಿಯಮದ ಪುಸ್ತಕ.

ಆದ್ದರಿಂದ ಗೆಳತಿಗೆ ಹೀಗಾಯ್ತು, ಕೋಚಿಂಗ್ ಸೆಂಟರ್‌ನವರು ಹಾಗಂದರು ಎಂಬ ಮಾತಿನ ಮೇಲೆ ನಡೆಯಬೇಡಿ. ಅವರ ರಾಜ್ಯವೇ ಬೇರೆ ಇರಬಹುದು. ನಿಮ್ಮ ಬೋರ್ಡ್‌ನ ವೆಬ್‌ಸೈಟ್‌ಗೆ ಹೋಗಿ, ಲೈಸೆನ್ಸ್ ಅರ್ಜಿಯ ಕೈಪಿಡಿಯನ್ನು ಇಳಿಸಿಕೊಂಡು, ಪ್ರಿಂಟ್ ಹಾಕಿಸಿ, ಪೆನ್ ಹಿಡಿದು ಓದಿ. ನಾನು ಅದನ್ನು ಓದಿದ್ದು ಪರೀಕ್ಷೆ ಮುಗಿದು ಒಂದು ವರ್ಷ ಆದಮೇಲೆ. ಪಾಸಾದ ವಾರವೇ ಓದಬೇಕಿತ್ತು.

ಭಾರತದಲ್ಲೇ ಪರೀಕ್ಷೆ ಬರೆದವರಿಗೆ ಇಲ್ಲಿ ಎರಡು ಮಾತು. 2020ರಿಂದ ಬೆಂಗಳೂರು ಸೇರಿ ಹಲವು ಊರುಗಳಲ್ಲಿ ಈ ಪರೀಕ್ಷೆ ಬರೆಯಬಹುದು. ಹಾಗೆ ಹೊರದೇಶದಲ್ಲಿ ಬರೆಯುವವರು, ಪಾಸಾದ ಮೂರು ವರ್ಷದೊಳಗೆ ಲೈಸೆನ್ಸ್ ತೆಗೆದುಕೊಳ್ಳುತ್ತೇನೆ ಎಂಬ ಷರತ್ತಿಗೆ ಒಪ್ಪಿಗೆ ಕೊಟ್ಟಿರುತ್ತಾರೆ. ಪರೀಕ್ಷೆಯ ಗಡಿಬಿಡಿಯಲ್ಲಿ ಅದು ಎಷ್ಟೋ ಜನರ ನೆನಪಲ್ಲೇ ಇರುವುದಿಲ್ಲ. ನಮ್ಮ ಪುಟ್ಟಿಗೂ ಇರಲಿಲ್ಲ. ಆ ತಾರೀಕನ್ನು ಇವತ್ತೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಎರಡನೆಯದು, ಕೆಲವು ಬೋರ್ಡ್‌ಗಳು ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದೆ ಲೈಸೆನ್ಸ್ ಕೊಡುವುದಿಲ್ಲ. ನಿಮ್ಮ ಹತ್ತಿರ ಆ ನಂಬರ್ ಇಲ್ಲದಿದ್ದರೆ, ಅದನ್ನು ಕೇಳದ ರಾಜ್ಯಕ್ಕೆ ಅಂಕಗಳನ್ನು ವರ್ಗಾಯಿಸಿಕೊಂಡು ಅಲ್ಲಿ ಅರ್ಜಿ ಹಾಕುವ ದಾರಿ ಇದೆ.

ಓದಿನ ಲೆಕ್ಕ

ಪರೀಕ್ಷೆಗೆ ಕೂರಲು ಸಾಕಾದ ಓದು ಲೈಸೆನ್ಸ್‌ಗೆ ಸಾಕಾಗಬೇಕು ಅಂತಿಲ್ಲ. ತುಂಬಾ ಜನ ಇಲ್ಲೇ ಎಡವುತ್ತಾರೆ. ಅಮೆರಿಕದಲ್ಲಿ ಕಾಲೇಜಿನ ಓದನ್ನು ಕ್ರೆಡಿಟ್‌ನಲ್ಲಿ ಅಳೆಯುತ್ತಾರೆ. ಸಾಕಷ್ಟು ರಾಜ್ಯಗಳು 120 ಕ್ರೆಡಿಟ್‌ಗೆ ಪರೀಕ್ಷೆ ಬರೆಯಲು ಬಿಡುತ್ತವೆ, ಆದರೆ ಲೈಸೆನ್ಸ್‌ಗೆ 150 ಕೇಳುತ್ತಾ ಬಂದಿವೆ. ನಮ್ಮ ಕಡೆಯ ಒಂದು ವರ್ಷದ ಓದನ್ನು ಸಾಮಾನ್ಯವಾಗಿ 30 ಕ್ರೆಡಿಟ್ ಎಂದು ಲೆಕ್ಕ ಹಾಕುತ್ತಾರೆ. ಮೂರು ವರ್ಷದ ಬಿಕಾಂಗೆ 90, ಎರಡು ವರ್ಷದ ಎಂಕಾಂ ಸೇರಿದರೆ 150. ನಮ್ಮ ಪದವಿ ಅಲ್ಲಿನ ಎಷ್ಟು ಕ್ರೆಡಿಟ್‌ಗೆ ಸಮ ಎಂದು ನೋಡಿ ವರದಿ ಕೊಡುವ ಸಂಸ್ಥೆಗಳಿವೆ. ಅವುಗಳಲ್ಲಿ ಯಾವುದರ ಮೌಲ್ಯಮಾಪನ ನಡೆಯುತ್ತದೆ ಎಂಬುದನ್ನೂ ಬೋರ್ಡೇ ಹೇಳುತ್ತದೆ. ಪರೀಕ್ಷೆಗೆ ಅಂತ ಮಾಡಿಸಿದ ವರದಿ ಇದೆಯಲ್ಲ, ಅದು ಲೈಸೆನ್ಸ್‌ಗೂ ನಡೆಯುತ್ತದಾ ಎಂದು ಬರೆದು ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ.

ಒಟ್ಟು ಸಂಖ್ಯೆ ಮಾತ್ರ ನೋಡಬೇಡಿ, ಒಳಗಿನ ವಿಷಯಗಳನ್ನೂ ನೋಡಿ. ನಾನು ಅರ್ಜಿ ಹಾಕಿದಾಗ ಕ್ಯಾಲಿಫೋರ್ನಿಯಾದಲ್ಲಿ 150ರೊಳಗೆ ನೀತಿಶಾಸ್ತ್ರಕ್ಕೆ ಸೇರುವ 10 ಯೂನಿಟ್ (ಇಲ್ಲಿ ಕ್ರೆಡಿಟ್‌ಗೆ ಹೀಗನ್ನುತ್ತಾರೆ) ಇರಬೇಕಿತ್ತು. ಅದರಲ್ಲಿ 3 ಯೂನಿಟ್ ಅಕೌಂಟಿಂಗ್ ವೃತ್ತಿಯ ನೀತಿಯದ್ದೇ ಆಗಿರಬೇಕು. ನನ್ನ ಬಿಕಾಂನಲ್ಲೂ ಎಂಕಾಂನಲ್ಲೂ ಅಂಥ ಪೇಪರೇ ಇರಲಿಲ್ಲ. ಕೆಲಸ ಮುಗಿಸಿ, ವಾರಕ್ಕೆರಡು ಸಂಜೆ ಕಮ್ಯುನಿಟಿ ಕಾಲೇಜಿಗೆ ಹೋಗಿ ಆ ಕೋರ್ಸ್ ಮುಗಿಸಿದೆ. ಆ ಕ್ಲಾಸು ನನಗೆ ಇಷ್ಟವೂ ಆಯಿತು. ಲೆಕ್ಕಪತ್ರ ತಿದ್ದು ಎಂದು ಮೇಲಿನವರು ಹೇಳಿದರೆ ಏನು ಮಾಡುತ್ತೀರಿ ಎಂದು ಅಲ್ಲಿ ಒಂದಿಡೀ ಸಂಜೆ ಚರ್ಚೆ ಮಾಡಿದ್ದೆವು. ಆ ಸಂಜೆ ಇವತ್ತಿಗೂ ನನ್ನ ಕೆಲಸಕ್ಕೆ ಬರುತ್ತದೆ.

ಈಗ ಈ ಲೆಕ್ಕ ಬದಲಾಗುತ್ತಿದೆ. 2025ರ ಜನವರಿಯಲ್ಲಿ ಓಹಾಯೊ ಹೊಸ ಕಾನೂನು ತಂದಿತು. ಸಾಮಾನ್ಯ ಪದವಿ, ಪರೀಕ್ಷೆ, ಜೊತೆಗೆ ಒಂದರ ಬದಲು ಎರಡು ವರ್ಷದ ಅನುಭವ ಇದ್ದರೆ ಸಾಕು, ಹೆಚ್ಚಿನ 30 ಕ್ರೆಡಿಟ್ ಬೇಡ. ಅದಾದ ಮೇಲೆ ಒಂದರ ಹಿಂದೆ ಒಂದು ರಾಜ್ಯ ಇದೇ ದಾರಿ ಹಿಡಿಯಿತು. ಆದ್ದರಿಂದ 30 ಕ್ರೆಡಿಟ್‌ಗಾಗಿ ದುಡ್ಡು ಕಟ್ಟುವ ಮೊದಲು ನಿಮ್ಮ ರಾಜ್ಯದ ಈಗಿನ ಕಾನೂನು ನೋಡಿ. ಈಗಾಗಲೇ ಕೆಲಸದಲ್ಲಿದ್ದರೆ ಸಾಲ ಮಾಡಿ ಓದುವುದಕ್ಕಿಂತ ಇನ್ನೊಂದು ವರ್ಷದ ಅನುಭವವೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆದರೆ ಲೈಸೆನ್ಸ್ ಬೇಗ ಬೇಕು, ಎಂಕಾಂ ಹೇಗೂ ಇದೆ ಅನ್ನುವವರಿಗೆ ಹಳೆಯ ದಾರಿಯೇ ಹತ್ತಿರ.

ಅನುಭವದ ಫಾರ್ಮ್

ನನಗೆ ಹೇಳಬೇಕಾದ್ದು ಮುಖ್ಯವಾಗಿ ಇದೇ. ಓದಿನ ಕಾಗದ ಯೂನಿವರ್ಸಿಟಿ ಕೊಡುತ್ತದೆ. ಅಂಕ ಕಂಪ್ಯೂಟರ್ ಕೊಡುತ್ತದೆ. ಅನುಭವದ ಫಾರ್ಮ್‌ಗೆ ಮಾತ್ರ ಇನ್ನೊಬ್ಬ ಮನುಷ್ಯ, ತನ್ನ ಲೈಸೆನ್ಸನ್ನೇ ಪಣಕ್ಕಿಟ್ಟು, ನಿಮ್ಮ ಪರವಾಗಿ ಸಹಿ ಹಾಕಬೇಕು.

ಸಾಮಾನ್ಯವಾಗಿ ಒಂದು ವರ್ಷ ಕೇಳುತ್ತಾರೆ. ಹಲವು ರಾಜ್ಯಗಳು ಅದನ್ನು 2,000 ಗಂಟೆ ಎಂದು ಎಣಿಸುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಪಾರ್ಟ್‌ಟೈಮ್ ಕೆಲಸಕ್ಕೆ 170 ಗಂಟೆಗೆ ಒಂದು ತಿಂಗಳು ಎಂಬ ಲೆಕ್ಕ ಇತ್ತು. ಈ ಕೆಲಸವನ್ನು ಲೈಸೆನ್ಸ್ ಇರುವ ಸಿಪಿಎ ಒಬ್ಬರು ಮೇಲ್ವಿಚಾರಣೆ ಮಾಡಿರಬೇಕು ಅಥವಾ ದೃಢೀಕರಿಸಬೇಕು. ಅವರ ಲೈಸೆನ್ಸ್ ಚಾಲ್ತಿಯಲ್ಲಿ ಇರಬೇಕು.

ಆ ಕೊನೆಯ ವಾಕ್ಯವೇ ನನಗೆ ನಾಲ್ಕು ತಿಂಗಳು ಹಿಡಿಸಿದ್ದು.

ನಾನು 2017ರ ಜನವರಿಯಲ್ಲಿ ಒಂದು ಚಿಕ್ಕ ಟ್ಯಾಕ್ಸ್ ಆಫೀಸಿಗೆ ಸೇರಿದೆ. ಹೆಸರು ಬೇಡ. ನನ್ನ ಮೇಲಿದ್ದವರು ಒಳ್ಳೆಯವರು, ಕೆಲಸ ಚೆನ್ನಾಗಿ ಕಲಿಸಿದರು. ವರ್ಷ ತುಂಬಿದ ಮೇಲೆ ಫಾರ್ಮ್ ತುಂಬಿ ಸಹಿ ಹಾಕಿ ಬೋರ್ಡ್‌ಗೆ ಕಳಿಸಿದರು. ಮಾರ್ಚ್ ಮೊದಲ ವಾರ ಪತ್ರ ಬಂತು. ಹಿಂದಿನ ವರ್ಷದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರ ಲೈಸೆನ್ಸ್ ನವೀಕರಣ ಆಗಿರಲಿಲ್ಲ, ಆ ನಾಲ್ಕು ತಿಂಗಳು ಲೆಕ್ಕಕ್ಕೆ ಬರುವುದಿಲ್ಲ ಎಂದು ಅದರಲ್ಲಿತ್ತು. ಅಷ್ಟು ತಿಂಗಳು ನಾನು ಅವರ ಎದುರಿನ ಮೇಜಿನಲ್ಲೇ ಕೂತಿದ್ದೆ. ನನಗೆ ಗೊತ್ತೇ ಇರಲಿಲ್ಲ. ಅಷ್ಟರಲ್ಲಿ ಅವರ ಲೈಸೆನ್ಸ್ ಸರಿಯಾಗಿತ್ತು, ಹಾಗಾಗಿ ಅದೇ ಜಾಗದಲ್ಲಿ ಮೇ ಕೊನೆಯವರೆಗೆ ದುಡಿದು, ಹೊಸ ಫಾರ್ಮ್ ಕಳಿಸಿದೆವು.

ಇದನ್ನು ತಪ್ಪಿಸುವುದು ಎರಡು ನಿಮಿಷದ ಕೆಲಸ. ಸಿಪಿಎವೆರಿಫೈ ಎಂಬ ವೆಬ್‌ಸೈಟ್ ಇದೆ, ದುಡ್ಡು ಕೊಡಬೇಕಿಲ್ಲ. ಬೋರ್ಡ್‌ಗಳ ಸೈಟ್‌ನಲ್ಲೂ ಹುಡುಕಬಹುದು. ನಿಮ್ಮ ಮೇಲಿನವರ ಹೆಸರು ಹಾಕಿ, ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಯಾವತ್ತು ಮುಗಿಯುತ್ತದೆ ನೋಡಿ. ಸೇರಿದ ದಿನ ನೋಡಿ. ಆ ತಾರೀಕು ಕಳೆದ ಮೇಲೆ ಇನ್ನೊಮ್ಮೆ ನೋಡಿ. ಇದು ಅವಿಧೇಯತೆ ಅಲ್ಲ, ಸಾರ್ವಜನಿಕ ಮಾಹಿತಿ. ಸಹಿ ಹಾಕುವವರು ಲೈಸೆನ್ಸ್ ಪಡೆದು ಇಷ್ಟು ವರ್ಷ ಆಗಿರಬೇಕು ಎನ್ನುವ ರಾಜ್ಯವೂ ಇದೆ, ಅದನ್ನೂ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಬೋರ್ಡ್‌ನ ಪತ್ರ ಬಂದ ವಾರವೇ ನಾನು ಒಂದು ನೋಟ್‌ಬುಕ್ ಶುರುಮಾಡಿದೆ. ಅದು ಇನ್ನೂ ನನ್ನ ಡ್ರಾಯರ್‌ನಲ್ಲಿದೆ. ಒಂದು ದಿನದ್ದು ಹೀಗಿದೆ: "ಮಾರ್ಚ್ 14, 2018, ಬುಧವಾರ. ಗ್ರಾಹಕ 07, ಪಾಲುದಾರಿಕೆ. ಮೂವರು ಪಾಲುದಾರರ ಬಂಡವಾಳ ಖಾತೆ ಹೊಂದಿಸಿದೆ. ಒಬ್ಬರದ್ದರಲ್ಲಿ 2,400 ಡಾಲರ್ ವ್ಯತ್ಯಾಸ. ಹಿಂದಿನ ವರ್ಷದ ಡ್ರಾಯಿಂಗ್ಸ್ ಎರಡು ಸಲ ನಮೂದಾಗಿತ್ತು, ತಿದ್ದಿದೆ. ಮೇಲಿನವರು ನೋಡಿ ಒಪ್ಪಿದರು. 6 ಗಂಟೆ." ಗ್ರಾಹಕರ ಹೆಸರು ಬರೆದಿಲ್ಲ, ನಂಬರ್ ಮಾತ್ರ. ಆಫೀಸಿನ ಗುಟ್ಟು ನಿಮ್ಮ ನೋಟ್‌ಬುಕ್‌ಗೆ ಬರಬಾರದು. ಏನು ಕೆಲಸ, ನೀವು ಏನು ಯೋಚಿಸಿ ತೀರ್ಮಾನ ಮಾಡಿದಿರಿ, ಯಾರು ಪರಿಶೀಲಿಸಿದರು, ಎಷ್ಟು ಗಂಟೆ, ಇಷ್ಟಿದ್ದರೆ ಸಾಕು.

ಇದು ಯಾಕೆ ಬೇಕು ಅಂತ ಸಹಿ ಹಾಕುವ ಕಡೆ ಕೂತಮೇಲೆ ಇನ್ನೂ ಚೆನ್ನಾಗಿ ಅರ್ಥವಾಯಿತು. ಒಬ್ಬ ಹುಡುಗ ಹದಿನಾಲ್ಕು ತಿಂಗಳ ನಂತರ ಫಾರ್ಮ್ ತಂದ. ಅವನು ಕಷ್ಟಪಟ್ಟು ದುಡಿದಿದ್ದ, ಅದು ನನಗೆ ಗೊತ್ತು. ಆದರೆ ಫಾರ್ಮ್ ಕೇಳುವುದು ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಯಾವ ಥರದ ಕೆಲಸ ಎಂದು. ಕ್ಯಾಲಿಫೋರ್ನಿಯಾದಲ್ಲಿ ಆ ಸಹಿ, ಸುಳ್ಳು ಹೇಳಿದರೆ ಶಿಕ್ಷೆ ಎಂಬ ಪ್ರಮಾಣದ ಮೇಲೆ ಹಾಕುವ ಸಹಿ. ಅಂದಾಜಿನ ಮೇಲೆ ಹಾಕಲು ನನ್ನಿಂದ ಆಗಲಿಲ್ಲ. ಇಬ್ಬರೂ ಎರಡು ಶನಿವಾರ ಕೂತು ಹಳೆಯ ಟೈಮ್‌ಶೀಟ್ ಕೆದಕಿದೆವು. ಇನ್ನೊಬ್ಬಳು ವಾರ ವಾರ ಬರೆದ ಪಟ್ಟಿ ತಂದಳು. ಅರ್ಧ ಗಂಟೆಯಲ್ಲಿ ಓದಿ ಸಹಿ ಹಾಕಿದೆ.

ಇನ್ನು ನೀವು ಕೆಲಸ ಬಿಡುತ್ತಿದ್ದರೆ, ಬಿಡುವ ಮೊದಲೇ ಅಷ್ಟು ತಿಂಗಳ ಫಾರ್ಮ್‌ಗೆ ಸಹಿ ಮಾಡಿಸಿ. ಎರಡು ಜಾಗದ ಅನುಭವವನ್ನು ಎರಡು ಫಾರ್ಮ್‌ನಲ್ಲಿ ಸೇರಿಸಬಹುದು. ಆದರೆ ಹೋದಮೇಲೆ ಹಳೆಯ ಮ್ಯಾನೇಜರ್‌ ಹಿಂದೆ ಬೀಳುವುದು ಬಹಳ ಕಷ್ಟ. ಅವರೂ ಕೆಲಸ ಬದಲಿಸಿರುತ್ತಾರೆ, ನಿವೃತ್ತಿ ಆಗಿರುತ್ತಾರೆ. ಕೇಳಲು ಸಂಕೋಚ ಬೇಡ. "ಲೈಸೆನ್ಸ್ ಅರ್ಜಿಗೆ ನನ್ನ ಇಷ್ಟು ತಿಂಗಳ ಕೆಲಸ ದೃಢೀಕರಿಸಿ ಕೊಡ್ತೀರಾ? ಪಟ್ಟಿ ಜೊತೆಗಿದೆ" ಎಂದು ಎರಡು ಸಾಲಿನ ಇಮೇಲ್ ಸಾಕು. ಫಾರ್ಮನ್ನು ಅಭ್ಯರ್ಥಿಯ ಕೈಗೆ ಕೊಡದೆ ಆಫೀಸಿನವರೇ ನೇರವಾಗಿ ಬೋರ್ಡ್‌ಗೆ ಕಳಿಸಬೇಕು ಎಂಬ ನಿಯಮ ಇರುವ ಕಡೆ ಹಾಗೇ ಮಾಡಿ.

ಆಡಿಟ್ ವರದಿಗೆ ಸಹಿ ಹಾಕುವ ಆಸೆ ಇದ್ದರೆ ಮೊದಲೇ ಹೇಳಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ನಾನು ಅರ್ಜಿ ಹಾಕಿದಾಗ ಅದಕ್ಕೆ ಕನಿಷ್ಠ 500 ಗಂಟೆ ಆಡಿಟ್ ಥರದ ಕೆಲಸ ತೋರಿಸಬೇಕಿತ್ತು, ಅದರ ಫಾರ್ಮೇ ಬೇರೆ. ನನ್ನದು ಪೂರಾ ಟ್ಯಾಕ್ಸ್, ನನಗೆ ಸಾಮಾನ್ಯ ಲೈಸೆನ್ಸ್ ಸಾಕಾಯಿತು.

ಬೆಂಗಳೂರಿನಂಥ ಕಡೆ ಅಮೆರಿಕದ ಕಂಪನಿಗಳ ಕೆಲಸ ಮಾಡುವವರಿಗೆ ತಂಡದಲ್ಲೇ ಒಬ್ಬ ಸಿಪಿಎ ಇರಬಹುದು. ಅವರು ಯಾವ ರಾಜ್ಯದವರು, ಅವರ ದೃಢೀಕರಣ ನಿಮ್ಮ ಬೋರ್ಡ್‌ಗೆ ನಡೆಯುತ್ತದಾ ಎಂದು ಕೇಳಿ. ಸಿಪಿಎ ಯಾರೂ ಇಲ್ಲದಿದ್ದರೆ, ಬೋರ್ಡ್‌ಗಳ ಒಕ್ಕೂಟವಾದ ನಾಸ್ಬಾ ಅನುಭವವನ್ನು ಪರಿಶೀಲಿಸಿ ದೃಢೀಕರಿಸುವ ಒಂದು ಸೇವೆ ನಡೆಸುತ್ತದೆ. ಅದನ್ನು ಕೆಲವು ಬೋರ್ಡ್‌ಗಳು ಮಾತ್ರ ಒಪ್ಪುತ್ತವೆ. ಲೈಸೆನ್ಸ್ ಇಲ್ಲದ ಮ್ಯಾನೇಜರ್ ಬರೆದ ಪತ್ರ ಎಷ್ಟೇ ಚೆನ್ನಾಗಿದ್ದರೂ ಈ ಜಾಗ ತುಂಬುವುದಿಲ್ಲ.

ನೀತಿ ಪರೀಕ್ಷೆ

ಎಲ್ಲ ರಾಜ್ಯ ಕೇಳುವುದಿಲ್ಲ, ಹಲವು ಕೇಳುತ್ತವೆ. ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆ. ಆದರೆ ಪಾಸಾಗಲು ಸಾಮಾನ್ಯವಾಗಿ 90 ಬೇಕು, 75 ಅಲ್ಲ. ಸುಲಭ ಅಂದುಕೊಂಡು ಕೂತವರು ಫೇಲಾಗಿದ್ದನ್ನು ನೋಡಿದ್ದೇನೆ. ಪ್ರಶ್ನೆಗಳು ತೀರಾ ಸೂಕ್ಷ್ಮ. ಗ್ರಾಹಕರ ಕಂಪನಿಯಲ್ಲಿ ನಿಮ್ಮ ಅಣ್ಣನಿಗೆ ಷೇರು ಇದ್ದರೆ ಏನು, ಗಂಡನಿಗೆ ಇದ್ದರೆ ಏನು, ಎರಡಕ್ಕೂ ಉತ್ತರ ಬೇರೆ. ಒಂದು ವಾರಾಂತ್ಯ ಪೂರ್ತಿ ಕೊಡಿ.

ಇದಕ್ಕೂ ಅವಧಿ ಇರಬಹುದು. ನಾನು ಅರ್ಜಿ ಹಾಕಿದಾಗ ಕ್ಯಾಲಿಫೋರ್ನಿಯಾದಲ್ಲಿ ಪಾಸಾದ ಎರಡು ವರ್ಷದೊಳಗೆ ಲೈಸೆನ್ಸ್ ಅರ್ಜಿ ಹಾಕಬೇಕಿತ್ತು. ಅನುಭವ ಇನ್ನೂ ಶುರುವೇ ಆಗಿಲ್ಲ ಅನ್ನುವವರು ಇದನ್ನು ಆತುರದಲ್ಲಿ ಮುಗಿಸಬೇಡಿ. ನಿಮ್ಮ ರಾಜ್ಯ ಯಾವ ಕೋರ್ಸ್ ಒಪ್ಪುತ್ತದೆ ಎಂದು ನೋಡಿಯೇ ದುಡ್ಡು ಕಟ್ಟಿ. ಕ್ಯಾಲಿಫೋರ್ನಿಯಾಕ್ಕೆ ಆಗ ಅದರದ್ದೇ ಬೇರೆ ಪರೀಕ್ಷೆ ಇತ್ತು, ಬೇರೆ ರಾಜ್ಯದವರು ಬರೆಯುವುದು ಇಲ್ಲಿ ನಡೆಯುತ್ತಿರಲಿಲ್ಲ.

ಅರ್ಜಿ ಕಳಿಸುವಾಗ

ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡ್, ಪರೀಕ್ಷೆಯ ಖಾತೆ, ಅನುಭವದ ಫಾರ್ಮ್, ನಾಲ್ಕರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ನಮ್ಮವರಿಗೆ ಇದು ನಿಜವಾದ ತಲೆನೋವು. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಒಂದರಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಒಂದೇ ಅಕ್ಷರ. ಮದುವೆ ಆದಮೇಲೆ ಮತ್ತೊಂದು. ಬೇರೆ ಬೇರೆ ಇದ್ದರೆ ಬೋರ್ಡ್ ಯಾವ ದಾಖಲೆ ಕೇಳುತ್ತದೆ ಎಂದು ತಿಳಿದು ಮೊದಲೇ ಜೊತೆಗೆ ಇಡಿ.

ಹಿಂದೆ ಯಾವುದಾದರೂ ಕೇಸಿನಲ್ಲಿ ಶಿಕ್ಷೆ ಆಗಿತ್ತಾ ಎಂಬಂಥ ಪ್ರಶ್ನೆ ಇದ್ದರೆ ಇದ್ದದ್ದನ್ನು ಇದ್ದಂತೆ ಬರೆಯಿರಿ. ಹಳೆಯ ತಪ್ಪಿಗಿಂತ ಮುಚ್ಚಿಟ್ಟಿದ್ದೇ ಜಾಸ್ತಿ ತೊಂದರೆ ಕೊಡುತ್ತದೆ. ಕೆಲವು ರಾಜ್ಯಗಳು ಬೆರಳಚ್ಚು ಕೇಳುತ್ತವೆ. ಕ್ಯಾಲಿಫೋರ್ನಿಯಾದ ಒಳಗಿದ್ದರೆ ಲೈವ್ ಸ್ಕ್ಯಾನ್ ಎಂಬ ಯಂತ್ರದ ಬೆರಳಚ್ಚು, ಹೊರಗಿದ್ದರೆ ಶಾಯಿ ಹಚ್ಚಿದ ಕಾರ್ಡ್. ಶುಲ್ಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕಳಿಸಿದ ಪ್ರತಿ ಹಾಳೆಯ ಸ್ಕ್ಯಾನ್ ನಿಮ್ಮ ಹತ್ತಿರ ಇರಲಿ.

ನಂತರ ಕಾಯುವುದು. ಬೋರ್ಡ್‌ನಿಂದ ಇಮೇಲ್ ಬಂದರೆ ಅದೇ ದಿನ ಉತ್ತರ ಕೊಡಿ, ಸ್ಪ್ಯಾಮ್ ಫೋಲ್ಡರನ್ನೂ ನೋಡುತ್ತಿರಿ. ನನ್ನದು ಟಪಾಲಿನಲ್ಲಿ ಬರುವ ಮೊದಲೇ ಬೋರ್ಡ್‌ನ ಸೈಟ್‌ನಲ್ಲಿ ಕಂಡಿತು. ಜುಲೈನ ಒಂದು ಬೆಳಿಗ್ಗೆ, ಕಾಫಿ ಲೋಟ ಕೈಯಲ್ಲಿ ಹಿಡಿದು, ದಿನಾ ನೋಡುವ ಹಾಗೆ ನನ್ನ ಹೆಸರು ಹಾಕಿದೆ. ಅವತ್ತು ಹೆಸರಿನ ಪಕ್ಕ ಒಂದು ನಂಬರ್ ಇತ್ತು. ಅಮ್ಮನಿಗೆ ಫೋನ್ ಮಾಡಿದೆ. ಮಾತೇ ಹೊರಡಲಿಲ್ಲ, ಅಮ್ಮ ಗಾಬರಿಯಾಗಿಬಿಟ್ಟಿದ್ದರು.

ಸಿಕ್ಕಮೇಲೆ

ಲೈಸೆನ್ಸ್ ಮೇಲಿನ ಮುಗಿಯುವ ತಾರೀಕನ್ನು ಅವತ್ತೇ ಬರೆದಿಟ್ಟುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೊಮ್ಮೆ, ಹುಟ್ಟಿದ ತಿಂಗಳ ಕೊನೆಯ ದಿನ ಮುಗಿಯುತ್ತದೆ. ಅಷ್ಟರಲ್ಲಿ 80 ಗಂಟೆ ಕಲಿಕೆ ಮುಗಿಸಿರಬೇಕು, ವರ್ಷಕ್ಕೆ 20ಕ್ಕಿಂತ ಕಡಿಮೆ ಆಗಬಾರದು. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಮೂರು ವರ್ಷಕ್ಕೆ 120. ಹೊಸಬರ ಮೊದಲ ಅವಧಿ ಚಿಕ್ಕದಿರಬಹುದು, ಆಗ ಗಂಟೆಯೂ ಕಡಿಮೆ. ಮನೆ ಬದಲಿಸಿದರೆ ಇಲ್ಲಿ 30 ದಿನದೊಳಗೆ ಬೋರ್ಡ್‌ಗೆ ತಿಳಿಸಬೇಕು. ಸ್ವಂತ ಆಫೀಸು ತೆರೆಯುವ ಯೋಚನೆ ಇದ್ದರೆ, ಸಂಸ್ಥೆಗೆ ಬೇರೆ ನೋಂದಣಿ ಬೇಕಾ ಎಂದು ಬಾಗಿಲಿಗೆ ನಾಮಫಲಕ ಹಾಕುವ ಮೊದಲು ನೋಡಿ. ಇನ್ನೊಂದು ರಾಜ್ಯದ ಗ್ರಾಹಕರ ಕೆಲಸಕ್ಕೆ ಸಾಮಾನ್ಯವಾಗಿ ಇನ್ನೊಂದು ಲೈಸೆನ್ಸ್ ಬೇಕಾಗುವುದಿಲ್ಲ. ಆದರೆ ಅಲ್ಲಿಗೇ ಹೋಗಿ ನೆಲೆಸಿದರೆ ಆ ರಾಜ್ಯದ್ದು ತೆಗೆದುಕೊಳ್ಳಬೇಕು.

ನಿನ್ನೆ ಪುಟ್ಟಿಯ ಮೆಸೇಜ್ ಬಂತು. ಜೊತೆಗೆ ಎರಡು ಫೋಟೊ. ಒಂದು, ಅವಳ ಮೇಲಿನವರ ಲೈಸೆನ್ಸ್ ಚಾಲ್ತಿಯಲ್ಲಿದೆ ಎಂದು ತೋರಿಸುವ ಪುಟ. ಇನ್ನೊಂದು, ಹೊಸ ನೋಟ್‌ಬುಕ್‌ನ ಮೊದಲ ಹಾಳೆ. ಅದರಲ್ಲಿ ಗ್ರಾಹಕರ ಹೆಸರು ಪೂರ್ತಿ ಬರೆದಿದ್ದಳು. "ಹೆಸರು ಬೇಡ, ನಂಬರ್ ಹಾಕು" ಎಂದು ಉತ್ತರ ಕಳಿಸಿದೆ. ಐದೇ ನಿಮಿಷಕ್ಕೆ ಆ ಹಾಳೆ ಹರಿದು, ಹೊಸದಾಗಿ ಬರೆದ ಫೋಟೊ ಕಳಿಸಿದಳು.